ಟಾರ್ಚಮ್ಮನ ಬೇರೆ ಒಲೆ

ಟಾರ್ಚಮ್ಮನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಆ ಹೆಸರಿನಿಂದ ಕರೆಯುತ್ತಿದ್ದವರು ಸರ್ಕಾರದವರು ಮಾತ್ರ. ಉಳಿದವರಿಗೆಲ್ಲ ಆಕೆ ಟಾರ್ಚಮ್ಮ. ಬೀದಿಯ ಕೊನೆಯಲ್ಲಿದ್ದ ಚಿತ್ರಮಂದಿರದಲ್ಲಿ, ದೀಪ ಆರಿದ ಮೇಲೆ ಎಡವುತ್ತ ಬರುವವರಿಗೆ ಬೆಳಕು ಹಿಡಿದು ಅವರವರ ಕುರ್ಚಿಗೆ ಮುಟ್ಟಿಸುವುದು ಆಕೆಯ ಕೆಲಸ. ಮುಟ್ಟಿಸಿದವರು ಮರ್ಯಾದೆಯಿಂದ ಕೂತಿದ್ದಾರೋ ಇಲ್ಲವೋ ಎಂದು ಮತ್ತೆ ಮತ್ತೆ ಬಂದು ನೋಡುವುದು ಆಕೆಯ ಕೆಲಸವಾಗಿರಲಿಲ್ಲ. ಅದನ್ನು ಆಕೆ ಸಂಬಳವಿಲ್ಲದೆ, ಸಂತೋಷದಿಂದ ಮಾಡುತ್ತಿದ್ದಳು. ಹಿಂದಿನ ಸಾಲಿನ ಜೋಡಿಗಳ ಮೇಲೆ ತಟಕ್ಕನೆ ಬೆಳಕು ಬೀಳುತ್ತಿತ್ತು. “ಕೈ ಕಾಣೋ ಹಾಗೆ ಇಟ್ಕೊಳ್ಳಿ. ಪರದೆ ಆ ಕಡೆ ಇದೆ,” ಎಂಬ ಮಾತು ಕೇಳಿಬರುತ್ತಿತ್ತು. ಆ ಮಾತಿನ ಭಯಕ್ಕೇ ಎಷ್ಟೋ ಪ್ರೇಮಿಗಳು ಲಗುಬಗೆಯಿಂದ ಮದುವೆಯಾಗಿಬಿಟ್ಟರು ಎಂದು ಟಿಕೆಟ್ಟು ಹರಿಯುವವನು ಹೇಳುತ್ತಿದ್ದ.

ಕತ್ತಲಲ್ಲಿ ದುಡಿದವಳಾದ್ದರಿಂದ ಆಕೆಗೆ ಮನುಷ್ಯರ ಪರಿಚಯವೆಲ್ಲ ತಲೆಯ ಹಿಂಭಾಗದಿಂದಲೇ. ಎದುರಿನಿಂದ ಬಂದವನನ್ನು “ಯಾರಪ್ಪಾ ನೀನು?” ಎನ್ನುವಳು; ಅವನು ಬೇಸರಪಟ್ಟು ತಿರುಗಿ ಹೊರಟೊಡನೆ, “ಓ, ಔಷಧಿ ಅಂಗಡಿಯವನಾ! ಬಾ, ಕೂತ್ಕೋ,” ಎಂದು ಕರೆಯುವಳು. ಇನ್ನೊಂದು ವಿಶೇಷವೆಂದರೆ, ಅಷ್ಟು ಸಿನಿಮಾ ನೋಡಿದವಳು ಯಾವ ಸಿನಿಮಾದ ಕೊನೆಯನ್ನೂ ನೋಡಿರಲಿಲ್ಲ. ಮುಗಿಯುವ ಹೊತ್ತಿಗೆ ಬಾಗಿಲು ತೆಗೆಯಲು ಓಡಬೇಕಿತ್ತು. ಹಾಗೆಂದು ಕಥೆ ಹೇಳುವಾಗ ಅರ್ಧಕ್ಕೆ ನಿಲ್ಲಿಸುವವಳಲ್ಲ. ಕೊನೆಯನ್ನು ತಾನೇ ಕಟ್ಟುತ್ತಿದ್ದಳು. ಆಕೆ ಕಟ್ಟಿದ ಕೊನೆಗಳಲ್ಲಿ ಅತ್ತೆಯರು ಸೋತದ್ದೇ ಇಲ್ಲ.

ಮುಂದೆ ಚಿತ್ರಮಂದಿರ ಮುಚ್ಚಿ ಸಿಮೆಂಟು ಮೂಟೆಗಳ ಗೋದಾಮಾಯಿತು. ಅದರ ಮುಂದಿನ ಕಲ್ಲುಬೆಂಚು ಮಾತ್ರ ಉಳಿಯಿತು. ಸಂಜೆಯಾದರೆ ಟಾರ್ಚಮ್ಮ ಆ ಬೆಂಚಿನಲ್ಲಿ ಕೂತು, ಹೋಗಿಬರುವವರ ಹಿಂದಲೆಗಳನ್ನು ಗುರುತಿಸುತ್ತ, ಕಥೆ ಹೇಳುತ್ತ, ಯಾರ ಮಗಳು ಯಾರೊಡನೆ ಎಷ್ಟು ಹೊತ್ತು ಮಾತಾಡಿದಳೆಂಬ ಲೆಕ್ಕ ಇಡುತ್ತ ಇದ್ದಳು. ಬೆಂಚು ಆಕೆಯ ಪಾಲಿಗೆ ಬರೀ ಕೂರುವ ಕಲ್ಲಲ್ಲ, ಹುದ್ದೆಯಾಗಿತ್ತು.

ಆ ಹುದ್ದೆಯನ್ನು ಬಲಮಂಡಿ ಕಿತ್ತುಕೊಂಡಿತು.

ಮನೆ ಇದ್ದದ್ದು ಗೋದಾಮಿನ ಎದುರಿನ ಕಟ್ಟಡದ ಮೇಲಿನ ಮಹಡಿಯಲ್ಲಿ, ಕಡಿದಾದ ಮೆಟ್ಟಿಲುಗಳ ತುದಿಯಲ್ಲಿ. ಆಕೆಯ ಒಬ್ಬನೇ ಮಗ ಲಿಫ್ಟ್ ಮೆಕ್ಯಾನಿಕ್. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಸಿಕ್ಕಿಕೊಂಡವರನ್ನು ಬಿಡಿಸಿ ಬರುತ್ತಿದ್ದವನು, ಮನೆಗೆ ಬಂದರೆ ಮೇಲೆಯೇ ಸಿಕ್ಕಿಕೊಂಡ ತಾಯಿಯ ಮುಖ ನೋಡಬೇಕಾಗಿತ್ತು. “ಊರಿಗೆಲ್ಲ ಲಿಫ್ಟು, ಹೆತ್ತೋಳಿಗೆ ಮೆಟ್ಟಿಲು,” ಎಂದು ಟಾರ್ಚಮ್ಮ ದಿನಕ್ಕೊಮ್ಮೆಯಾದರೂ ಚುಚ್ಚುತ್ತಿದ್ದಳು. ಮಂಡಿ ಊದಿ, ಬಿಗಿದು, ಒಂದು ದಿನ ಮಡಿಸಲೂ ಬಾರದೆ ಚಾಚಲೂ ಬಾರದೆ ಹಟ ಹಿಡಿಯಿತು. ಅಂದಿನಿಂದ ಆಕೆ ತಾನಾಗಿ ಕೆಳಗಿಳಿಯಲಿಲ್ಲ. ಕಿಟಕಿಯಲ್ಲಿ ಕೂತರೆ ಬೀದಿಯೇನೋ ಕಾಣುತ್ತಿತ್ತು. ಆದರೆ ಮೇಲಿನಿಂದ ಕಾಣುವುದು ಬರೀ ನೆತ್ತಿಗಳು. ನೆತ್ತಿ ನೋಡಿ ಗುರುತಿಸುವ ವಿದ್ಯೆ ಆಕೆಗೆ ಬರುತ್ತಿರಲಿಲ್ಲ. “ನಾನು ಸತ್ತಿದ್ರೂ ಇದಕ್ಕಿಂತ ಹೆಚ್ಚು ಸುದ್ದಿ ತಿಳೀತಿತ್ತು,” ಎಂದು ಗೊಣಗುತ್ತಿದ್ದಳು.

ಮಗ ಹೊತ್ತುಕೊಂಡು ಹೋಗಿ ಆಸ್ಪತ್ರೆಯಲ್ಲಿ ತೋರಿಸಿದ. ಕೀಲು ಸವೆದುಹೋಗಿದೆ, ಬದಲಿಸಲೇಬೇಕು ಎಂದರು ಡಾಕ್ಟರು. ಖರ್ಚು ಕೇಳಿದ ಮಗ ಅಲ್ಲಿಯೇ ಇದ್ದ ತಳ್ಳುಕುರ್ಚಿಯಲ್ಲಿ ಕೂತುಬಿಟ್ಟ. ಅವನ ಮುಖ ನೋಡಿ ನರ್ಸ್ ಒಬ್ಬಳು ಹತ್ತಿರ ಬಂದಳು.

“ಸರ್ಕಾರದ ಆರೋಗ್ಯ ಕಾರ್ಡು ಮಾಡಿಸಿಲ್ವಾ? ವಯಸ್ಸಾದೋರಿಗೆ, ಆದಾಯ ಕಡಿಮೆ ಇರೋ ಮನೆಯೋರಿಗೆ ಪೂರ್ತಿ ಖರ್ಚು ಅವರೇ ಕೊಡ್ತಾರೆ.”

“ನನ್ನ ಸಂಬಳ ಸೇರಿಸಿದ್ರೆ ಅವರ ಮಿತಿ ದಾಟುತ್ತಂತೆ, ಸಿಸ್ಟರ್,” ಎಂದ ಮಗ.

“ಒಂದೇ ಒಲೇಲಿ ಉಣ್ಣೋರನ್ನ ಮಾತ್ರ ಒಂದು ಕುಟುಂಬ ಅಂತ ಸೇರಿಸ್ತಾರೆ. ಅಜ್ಜಿ, ನಿಮ್ಮದೂ ಮಗಂದೂ ಒಂದೇ ಒಲೆನಾ?”

“ಥೂ, ಎಲ್ಲಾದ್ರೂ ಉಂಟಾ!” ಎಂದಳು ಟಾರ್ಚಮ್ಮ, ಬೈಗುಳ ಕೇಳಿದವಳಂತೆ. “ಸೊಸೆ ಕಾಲಿಟ್ಟ ಮೊದಲ ತಿಂಗಳಲ್ಲೇ ಒಲೆ ಬೇರೆ ಆಯ್ತು.”

“ಪುಣ್ಯವಂತರು. ಹಾಗಾದ್ರೆ ನೀವೊಬ್ಬರೇ ಒಂದು ಕುಟುಂಬ. ಅರ್ಜಿ ಹಾಕಿ, ಮನೆ ನೋಡೋಕೆ ಬರ್ತಾರೆ.”

ತಮ್ಮ ಮನೆಯ ಜಗಳವನ್ನು ಹೊರಗಿನವರು ಹೊಗಳಿದ್ದು ಅದೇ ಮೊದಲು. ಮಗ ಮನೆಗೆ ಹೊತ್ತು ತರುವಾಗ ಟಾರ್ಚಮ್ಮನಿಗೆ ಒಳಗೊಳಗೇ ಹೆಮ್ಮೆಯಾಯಿತು.

ಒಲೆ ಬೇರೆಯಾದ ಕಥೆ ಬೀದಿಗೆಲ್ಲ ಗೊತ್ತಿತ್ತು. ಹೊಸದಾಗಿ ಮದುವೆಯಾದ ಮಗ ಹೆಂಡತಿಯನ್ನು ಕರೆದುಕೊಂಡು ಇದೇ ಚಿತ್ರಮಂದಿರಕ್ಕೆ ಹೋಗಿದ್ದ. ತಾಯಿಗೆ ಅಂದು ರಜೆಯೆಂದು ಅವನ ನಂಬಿಕೆ. ರಜೆ ಇರಲಿಲ್ಲ. ಬಾಲ್ಕನಿಯ ಹಿಂದಿನ ಸಾಲಿನಲ್ಲಿ, ಹಾಡಿನ ನಡುವೆ, ಗಂಡಹೆಂಡಿರ ಮೇಲೆ ಹಗಲಿನಂಥ ಬೆಳಕು ಬಿತ್ತು. “ಕೈ ಕಾಣೋ ಹಾಗೆ ಇಟ್ಕೊಳ್ಳಿ!” ಎಂಬ ಗರ್ಜನೆಗೆ ಬಾಲ್ಕನಿಯೆಲ್ಲ ಸಿಳ್ಳೆ ಹೊಡೆಯಿತು. ಬೇಕರಿಯ ಗಲ್ಲಾದಲ್ಲಿ ಕೂತು ನಾಲ್ಕು ಜನರೆದುರು ತಲೆಯೆತ್ತಿ ಬದುಕುತ್ತಿದ್ದ ಹುಡುಗಿ ಅವಳು. ಸೆರಗಿನಿಂದ ಮುಖ ಮುಚ್ಚಿಕೊಂಡು ಹೊರಗೆ ಬಂದಳು. “ಕತ್ತಲಲ್ಲಿ ಯಾರು ಅಂತ ಕಾಣಿಸ್ಲಿಲ್ಲ,” ಎಂದು ಟಾರ್ಚಮ್ಮ ಕಂಡಕಂಡವರಿಗೆ ಹೇಳಿದಳು. ಆದರೆ ಒಂದೆರಡು ವಾರದಲ್ಲಿ ಸೊಸೆ ಒಳಕೋಣೆಯಲ್ಲಿ ಗ್ಯಾಸ್ ಒಲೆ ಹೂಡಿದಳು. ಅತ್ತೆಯ ಸೀಮೆಎಣ್ಣೆ ಸ್ಟೌ ಹೊರಕೋಣೆಯ ಮೂಲೆಯಲ್ಲೇ ಉಳಿಯಿತು. ಇಬ್ಬರಿಗೂ ಮಾತುಕತೆ ಇತ್ತು, ನಗು ಇತ್ತು, ಒಂದೇ ಸೋಪಿನಲ್ಲಿ ಬಟ್ಟೆ ಒಗೆಯುತ್ತಿದ್ದರು. ಒಲೆ ಮಾತ್ರ ಮತ್ತೆ ಒಂದಾಗಲಿಲ್ಲ.

ಅರ್ಜಿ ಹೋಯಿತು. ಇಲ್ಲಿಯೇ ಒಂದು ತೊಡಕು ಯಾರಿಗೂ ಹೊಳೆಯಲಿಲ್ಲ. ಮಂಡಿ ಕೆಟ್ಟ ಮೇಲೆ ಟಾರ್ಚಮ್ಮ ಸ್ಟೌ ಮುಂದೆ ನಿಲ್ಲಲಾರಳು. ಸೊಸೆ ಯಾವ ಮಾತನ್ನೂ ಆಡದೆ, ಅಂದಿನಿಂದ ತನ್ನ ಒಲೆಯ ಅನ್ನವನ್ನೇ ತಟ್ಟೆಗೆ ಹಾಕಿ ತಂದಿಡುತ್ತಿದ್ದಳು.

ತಪಾಸಣೆಯವನು ಬಂದದ್ದು ರಜೆಯ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ. ದುಂಡನೆಯ ಮನುಷ್ಯ, ಹೆಗಲಿಗೆ ಚೀಲ. ಮೆಟ್ಟಿಲು ಹತ್ತಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ. ಮೊದಲು ಇವನಿಗೇ ಒಂದು ಕಾರ್ಡು ಮಾಡಿಸಬೇಕೇನೋ ಎನ್ನುವಂತೆ ಏದುಸಿರು ಬಿಡುತ್ತಿದ್ದ. ಸೊಸೆ ನೀರು ಕೊಟ್ಟಳು. ಕುಡಿದು, ಕೋಣೆಯನ್ನೆಲ್ಲ ಒಮ್ಮೆ ನೋಡಿದ.

“ಅಜ್ಜಿ, ನಿಮ್ಮ ಒಲೆ ಯಾವುದು?”

ಟಾರ್ಚಮ್ಮ ಮೂಲೆಯನ್ನು ತೋರಿಸಿದಳು. ಸ್ಟೌ ಮೇಲೆ ಕೆಳಮನೆಯ ಗಡಿಯಾರ ರಿಪೇರಿಯವನ ಬೆಕ್ಕು ಸುರುಳಿ ಸುತ್ತಿ ಮಲಗಿತ್ತು. ಸರ್ಕಾರದವರು ಬಂದಿದ್ದಾರೆಂದು ಅದು ಒಂದು ಕಣ್ಣು ತೆರೆದು ನೋಡಿ, ಮತ್ತೆ ಮುಚ್ಚಿಕೊಂಡಿತು. ಅವನು ಬೆಕ್ಕನ್ನು ಸರಿಸಿ ಸ್ಟೌ ಮುಟ್ಟಿದ.

“ಬೆಚ್ಚಗಿದೆ. ಆದ್ರೆ ಇದು ಬೆಕ್ಕಿನ ಬಿಸಿ. ಹಚ್ಚಿ ಎಷ್ಟು ಕಾಲ ಆಯ್ತು?”

“ಮಂಡಿ ಕೆಟ್ಟಾಗಿಂದ ಹಚ್ಚಿಲ್ಲಪ್ಪ.”

“ಮತ್ತೆ ಈ ತಟ್ಟೆ ಊಟ ಎಲ್ಲಿಂದ ಬಂತು?”

“ಇವಳು ಕೊಡ್ತಾಳೆ.”

“ಅಂದ್ರೆ ಈಗ ಒಂದೇ ಒಲೆ. ಒಂದೇ ಕುಟುಂಬ. ಮಗನ ಸಂಬಳ ಸೇರುತ್ತೆ.” ಅವನು ಪೆನ್ನು ತೆಗೆದ.

ಏನನ್ನೋ ರಿಪೇರಿ ಮಾಡುತ್ತಿದ್ದ ಮಗ ಸ್ಪ್ಯಾನರ್ ಹಿಡಿದೇ ಎದ್ದು ಬಂದ. “ಸಾರ್, ಮಂಡಿ ಸರಿ ಇದ್ದಿದ್ರೆ ಅಮ್ಮ ತನ್ನ ಒಲೇಲೇ ಮಾಡ್ಕೊಳ್ತಿದ್ಲು.”

“ನೋಡಪ್ಪಾ, ಮಂಡಿ ಸರಿ ಇದ್ದಿದ್ರೆ ಮಂಡಿಗೆ ಕಾರ್ಡು ಸಿಗ್ತಿತ್ತು. ಸರಿ ಇಲ್ಲ, ಅದಕ್ಕೇ ಸಿಗಲ್ಲ.” ಹೀಗೆಂದವನಿಗೆ ತನ್ನ ಮಾತು ತನಗೇ ಸರಿಯಾಗಿ ಕೇಳಿಸಲಿಲ್ಲವೇನೋ, ತುಟಿಯಲ್ಲೇ ಇನ್ನೊಮ್ಮೆ ಹೇಳಿ ನೋಡಿಕೊಂಡ. ಆದರೂ ಪೆನ್ನಿನ ಮುಚ್ಚಳ ತೆರೆದ.

ಟಾರ್ಚಮ್ಮ ಕಿಟಕಿಯ ಕಡೆಗೆ ನೋಡಿದಳು. ಕೆಳಗೆ ಖಾಲಿ ಬೆಂಚು ಕಾಣುತ್ತಿತ್ತು.

ಅಷ್ಟರಲ್ಲಿ ಸೊಸೆ ಅತ್ತೆಯ ಮುಂದಿನ ತಟ್ಟೆಯನ್ನು ಸರಕ್ಕನೆ ಕಿತ್ತುಕೊಂಡಳು. “ಸಾಕು! ನನ್ನ ಒಲೆ ಅನ್ನ ನಿಮಗ್ಯಾಕೆ? ನಿಮಗೂ ನನಗೂ ಏನು ಸಂಬಂಧ?” ಎಂದು ಅರಚಿ, ತಪಾಸಣೆಯವನಿಗೆ ಕಾಣದಂತೆ ಕಣ್ಣು ಮಿಟುಕಿಸಿದಳು.

ಕೈಯಲ್ಲಿ ತುತ್ತು ಹಿಡಿದಿದ್ದ ಟಾರ್ಚಮ್ಮನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಆಕೆಯನ್ನು ತಡೆಯುವವರಿರಲಿಲ್ಲ. ತುತ್ತನ್ನು ಮೊದಲು ನುಂಗಿ, ಎದೆಯ ಮೇಲೆ ಕೈಯಿಟ್ಟು, ಸೂರಿನ ಕಡೆಗೆ ಮುಖವೆತ್ತಿದಳು. “ಅಯ್ಯೋ ವಿಧಿಯೇ! ಹೆತ್ತ ಮಗನ ಮನೆಯಲ್ಲಿ ಹಿಡಿ ಅನ್ನಕ್ಕೂ ಎರವಾದೆನೇ! ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ!”

“ಅಮ್ಮಾ, ನಾವು ಮಹಡಿ ಮೇಲಿದ್ದೀವಿ,” ಎಂದು ಮಗ ಮೆಲ್ಲಗೆ ಹೇಳಿದ.

ತಪಾಸಣೆಯವನು ತಾಳ್ಮೆಯಿಂದ ಕಾದ. “ಮುಗೀತಾ? ಈ ಬೀದೀಲಿ ಹೋದ ಮನೇಲೆಲ್ಲ ಇದೇ ನಾಟಕ ನೋಡ್ಕೊಂಡು ಬಂದೆ. ಮೂಲೆ ಮನೆ ಅಜ್ಜಿ ನಿಮಗಿಂತ ಚೆನ್ನಾಗಿ ಮಾಡಿದ್ರು. ಅವರ ಕಣ್ಣಲ್ಲಿ ನೀರೂ ಬಂತು. ಅವರಿಗೂ ಇಲ್ಲ ಅಂದೆ.”

ಆ ಮಾತು ಟಾರ್ಚಮ್ಮನಿಗೆ ನಾಟಿತು. ಬದುಕೆಲ್ಲ ಸಿನಿಮಾದಲ್ಲಿ ಕಳೆದವಳಿಗೆ ಮೂಲೆ ಮನೆಯವಳ ಮುಂದೆ ಸೋಲು. ಆದರೆ ಅದಕ್ಕಿಂತ ಹೆಚ್ಚಾಗಿ, ಇನ್ನು ಮೇಲೆ ಎಂದೂ ಆ ಮೆಟ್ಟಿಲು ಇಳಿಯುವುದಿಲ್ಲವಲ್ಲ ಎಂಬುದು ಆಗ ಆಕೆಗೆ ಸರಿಯಾಗಿ ಗೊತ್ತಾಯಿತು. ಎದೆಯ ಮೇಲಿನ ಕೈ ತಾನಾಗಿಯೇ ಕೆಳಗಿಳಿಯಿತು.

“ನಾಟಕ ನಿಜ ಕಣಪ್ಪ,” ಎಂದಳು ಮಾಮೂಲು ದನಿಯಲ್ಲಿ. “ಆದ್ರೆ ಒಲೆ ಬೇರೆ ಆಗಿದ್ದು ನಾಟಕ ಅಲ್ಲ. ಅದು ನನ್ನಿಂದಲೇ ಆಗಿದ್ದು. ಆವತ್ತು ಇವರಿಬ್ಬರ ಮೇಲೆ ಟಾರ್ಚು ಬಿಟ್ಟಾಗ ಯಾರು ಅಂತ ನನಗೆ ಗೊತ್ತಿತ್ತು.”

ಮಗ ಬೆಚ್ಚಿ ನೋಡಿದ. “ಗೊತ್ತಿತ್ತಾ?”

“ನಿನ್ನ ತಲೆ ನನಗೆ ಗೊತ್ತಾಗಲ್ವೇನೋ? ಮಗು ಇದ್ದಾಗ ಮಗ್ಗುಲೇ ಬದಲಾಯಿಸ್ದೆ ಮಲಗಿ ಹಿಂದೆಲ್ಲ ಚಪ್ಪಟೆ ಮಾಡ್ಕೊಂಡ ತಲೆ. ಇಡೀ ಬಾಲ್ಕನೀಲಿ ಅಂಥದ್ದು ಇನ್ನೊಂದಿರಲಿಲ್ಲ. ಇವಳು ಬಂದ ಮೇಲೆ ನನ್ನ ಹತ್ರ ಎರಡು ಮಾತಾಡೋಕೆ ನಿನಗೆ ಪುರುಸೊತ್ತಿಲ್ಲ. ಹೊಟ್ಟೆಕಿಚ್ಚಾಯ್ತು. ಬಿಟ್ಟೆ ಬೆಳಕು.”

ಸೊಸೆ ತಟ್ಟೆಯನ್ನು ಕೆಳಗಿಟ್ಟು, ಮುಖ ತಿರುಗಿಸಿ, ನಕ್ಕಳು.

“ನಿಮಗೆ ಗೊತ್ತಿತ್ತು ಅಂತ ನನಗೂ ಗೊತ್ತು, ಅತ್ತೆ. ಬೇರೆ ಜೋಡಿಗಳ ಮೇಲೆ ಬೆಳಕು ಹಾಗೆ ಬಂದು ಹೀಗೆ ಹೋಗ್ತಿತ್ತು. ನಮ್ಮ ಮೇಲೆ ಹಾಡು ಮುಗಿಯೋ ತನಕ ನಿಂತಿತ್ತಲ್ಲ!”

“ಅಯ್ಯೋ ಹುಡುಗಿ! ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಬಿಡದೆ ಕೋಪ ಇಟ್ಕೊಂಡಿದ್ದೀಯಲ್ಲೇ!”

“ಕೋಪ ಎಲ್ಲಿ ಬಂತು? ಎರಡು ದಿನ ನಾಚಿಕೆ ಆಯ್ತು, ಆಮೇಲೆ ನಗು ಬಂತು. ಒಲೆ ಬೇರೆ ಮಾಡಿದ್ದು ಅದಕ್ಕಲ್ಲ.”

“ಮತ್ತೆ ಯಾಕೆ?”

“ನಿಮ್ಮ ಅಡುಗೆಗೆ.”

ಟಾರ್ಚಮ್ಮ ಕೇಳಿದ್ದನ್ನು ನಂಬಲಿಲ್ಲ. “ಏನಂದೆ?”

“ಅಷ್ಟು ಒಳ್ಳೆ ನೆಪ ನನಗೆ ಇನ್ನೆಲ್ಲಿ ಸಿಗ್ತಿತ್ತು, ಹೇಳಿ. ಮಧ್ಯಾಹ್ನದ ಆಟಕ್ಕೆ ಹೋಗೋವಾಗ ಸಣ್ಣ ಉರೀಲಿ ಪಾತ್ರೆ ಇಟ್ಟು, ಆಟ ಬಿಟ್ಟ ಮೇಲೆ ಬಂದು ಇಳಿಸ್ತಿದ್ರಿ. ಆಲೂಗಡ್ಡೆ ಯಾವುದು, ಬೀನ್ಸು ಯಾವುದು ಅಂತ ನಿಮ್ಮನ್ನ ಕೇಳಿ ತಿಳ್ಕೋಬೇಕಿತ್ತು. ಹಲ್ಲಿರೋರು ಮಾಡೋ ಊಟನಾ ಅದು?”

“ನನ್ನ ಅಡುಗೆ ತಿಂದೇ ಅವನು ಅಷ್ಟೆತ್ತರ ಬೆಳೆದಿದ್ದು!”

“ಉದ್ದದ ಸಿನಿಮಾ ಬಂದ ವಾರ ಅವರು ಹೊಟೇಲಲ್ಲಿ ತಿಂದ್ಕೊಂಡು ಬರ್ತಿದ್ರು. ಕೇಳಿ ಬೇಕಾದ್ರೆ.”

“ಹೌದೇನೋ?” ಎಂದು ಟಾರ್ಚಮ್ಮ ಮಗನ ಕಡೆಗೆ ತಿರುಗಿದಳು. ಮಗ ಕೈಯಲ್ಲಿದ್ದ ಸ್ಪ್ಯಾನರನ್ನು ಮೊದಲ ಬಾರಿ ಕಂಡವನಂತೆ ನೋಡತೊಡಗಿದ. ಅದೇ ಉತ್ತರವಾಯಿತು.

“ಸರಿ,” ಎಂದಳು ಟಾರ್ಚಮ್ಮ. ದನಿ ಏರಲಿಲ್ಲ, ಇಳಿಯಿತು. ನಿಜವಾದ ಜಗಳದ ಗುರುತು ಅದು. “ನನ್ನದು ಹಲ್ಲಿಲ್ಲದೋರ ಊಟ. ನಿನ್ನದೇನು? ನೀನು ಮಾಡಿದ ಬೀನ್ಸು ಕಡಿದ್ರೆ ಕೆಳಗೆ ಗಡಿಯಾರದೋನಿಗೆ ಸದ್ದು ಕೇಳುತ್ತೆ. ಅದನ್ನ ಬೇಯಿಸ್ತೀಯೋ, ಬೆಂಕಿ ತೋರಿಸಿ ಹೆದರಿಸಿ ಇಳಿಸ್ತೀಯೋ?”

“ಇಷ್ಟು ದಿನ ಅದನ್ನೇ ತಿಂದ್ರಲ್ಲ!”

“ಮಂಡಿಗೆ ಗತಿ ಇರಲಿಲ್ಲ, ತಿಂದೆ. ನಾಲಗೆ ಒಪ್ಪಿ ತಿನ್ನಲಿಲ್ಲ.”

“ಅದನ್ನ ಮೊದಲೇ ಹೇಳೋದಲ್ವಾ? ನಾನು ಬೇಕರಿಯಿಂದ ಓಡಿ ಬಂದು ಬಿಸಿ ಬಿಸಿ ಕೊಡ್ತಿದ್ನಲ್ಲ!”

“ಬಿಸಿ ಇತ್ತು. ಬೆಂದಿರಲಿಲ್ಲ.”

ಸೊಸೆಯ ಕಣ್ಣಲ್ಲಿ ನೀರು ಬಂತು. ಅದು ಮೂಲೆ ಮನೆ ಅಜ್ಜಿಯ ನೀರಿನಂಥದ್ದಲ್ಲ. ಅವಳು ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋಗಿ, ತನ್ನ ಪಾತ್ರೆಗೆ ಸುರಿದು, ಮುಚ್ಚಳ ಮುಚ್ಚಿದ ಸದ್ದು ಹೊರಗೆ ಕೇಳಿಸಿತು. ಟಾರ್ಚಮ್ಮ ಗೋಡೆಗೆ ಮುಖ ಮಾಡಿ ಕೂತಳು. ಒಬ್ಬ ಸರ್ಕಾರಿ ನೌಕರ ಮನೆಯಲ್ಲಿದ್ದಾನೆಂಬುದು ಇಬ್ಬರಿಗೂ ಮರೆತೇಹೋಗಿತ್ತು.

ಅವನು ಯಾವಾಗಲೋ ಸ್ಟೂಲಿನ ಮೇಲೆ ಕೂತುಬಿಟ್ಟಿದ್ದ. ಈಗ ಕೆಮ್ಮಿದ.

“ಎರಡು ಒಲೆ,” ಎಂದು ಹೇಳಿಕೊಳ್ಳುತ್ತ ಬರೆದ. “ಹಿರಿಯರ ಒಲೆ ಮಂಡಿನೋವಿನಿಂದ ತಾತ್ಕಾಲಿಕವಾಗಿ ನಿಂತಿದೆ.”

ಮಗ ಇಣುಕಿ ನೋಡಿದ. “ಹಾಗೂ ಬರೆಯೋಕೆ ಬರುತ್ತಾ ಸಾರ್?”

“ಷರಾ ಅಂತ ಜಾಗ ಇದೆಯಪ್ಪ. ಬರೆದ್ರೆ ಮೇಲಿನೋರು ಓದ್ಬೇಕಾಗುತ್ತೆ ಅಂತ ಯಾರೂ ಬರೆಯಲ್ಲ.” ಅವನು ಚೀಲ ಮುಚ್ಚಿದ. “ಎದೆ ಬಡ್ಕೊಳ್ಳೋದನ್ನ ಯಾರು ಬೇಕಾದ್ರೂ ಮಾಡ್ತಾರೆ. ಬೀನ್ಸಿಗೋಸ್ಕರ ಗೋಡೆ ಕಡೆ ತಿರುಗಿ ಕೂರೋದು ಹೇಳಿಕೊಟ್ರೆ ಬರಲ್ಲ. ನಮ್ಮನೇಲಿ ದಿನಾ ನೋಡ್ತೀನಿ. ವರ್ಷಕ್ಕೊಮ್ಮೆ ಪರೀಕ್ಷೆಗೆ ಬರ್ತೀವಿ, ಅಜ್ಜಿ. ದಯವಿಟ್ಟು ರಾಜಿ ಆಗ್ಬೇಡಿ.”

ಬಾಗಿಲ ತನಕ ಹೋದವನು ಹಿಂದೆ ಬಂದು ದನಿ ತಗ್ಗಿಸಿದ. “ನಮ್ಮಮ್ಮನೂ ಇದ್ದಾರೆ, ಹೆಂಡತಿನೂ ಇದ್ದಾಳೆ. ಒಲೆ ಒಂದೇ. ಮಧ್ಯಾಹ್ನದ ಡಬ್ಬಿ ಯಾರು ಕಟ್ಟಬೇಕು ಅಂತ ತೀರ್ಮಾನ ಆಗದೆ ನಾನು ಉಪವಾಸ. ಈ ಎರಡನೇ ಒಲೆ ವಿಷಯ ಮನೇಲಿ ಹೇಗೆ ಎತ್ತೋದು?”

“ನಿಮ್ಮ ಕಡೆ ಸಿನಿಮಾ ಮಂದಿರ ಇದ್ಯಾ?” ಎಂದಳು ಟಾರ್ಚಮ್ಮ ಗೋಡೆಗೇ.

ಅವನು ನಕ್ಕು ತಿರುಗಿ ಹೊರಟ. ಆಕೆಯೂ ಆಗಲೇ ತಿರುಗಿ ನೋಡಿದಳು. ಕತ್ತಿನ ಮೇಲಿನ ಎರಡು ಮಡಿಕೆ, ನಡುವೆ ಸುಳಿ. “ಏ! ನೀನಾ! ಬಾಲ್ಕನಿ, ಮೂಲೆ ಕುರ್ಚಿ! ಎಷ್ಟು ಸಲ ಹೇಳಿದ್ರೂ ಕೈ ಸುಮ್ಮನಿಡ್ತಿರಲಿಲ್ಲ! ಆ ಹುಡುಗಿನೇ ಮದುವೆ ಆದ್ಯೇನೋ?”

“ಇಲ್ಲ ಅಜ್ಜೀ!” ಎಂಬ ಉತ್ತರ ಮೆಟ್ಟಿಲುಗಳ ಕೆಳಗಿನಿಂದ ಬಂತು. ಹತ್ತುವಾಗ ಅಷ್ಟು ಏದುಸಿರು ಬಿಟ್ಟವನು ಇಳಿಯುವಾಗ ಹಕ್ಕಿಯಂತೆ ಇಳಿದಿದ್ದ.

ಕಾರ್ಡು ಬಂತು. ಮಂಡಿಯ ಕೆಲಸವೂ ಆಯಿತು. ಖರ್ಚಿನ ಮಾತನ್ನು ಆಸ್ಪತ್ರೆಯವರು ಸರ್ಕಾರದೊಡನೆ ಆಡಿಕೊಂಡರು. ಮಗ ಈ ಬಾರಿ ತಳ್ಳುಕುರ್ಚಿಯಲ್ಲಿ ತಾಯಿಯನ್ನು ಕೂರಿಸಿ, ತಾನು ನಿಂತೇ ಇದ್ದ. ಮೂರನೆಯವರ ಮುಂದೆ ಒಮ್ಮೆ ಆಡಿಬಿಟ್ಟ ಮಾತು ಮನೆಯಲ್ಲಿ ಅತ್ತೆಸೊಸೆಯರ ನಡುವೆ ಕೆಲವು ದಿನ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಆದರೂ ಸೊಸೆ ಆಸ್ಪತ್ರೆಗೆ ಡಬ್ಬಿ ತಂದಳು. ಅದರಲ್ಲಿ ಬೀನ್ಸು ಈ ಬಾರಿ ಕೊಂಚ ಹೆಚ್ಚೇ ಬೆಂದಿತ್ತು. ಟಾರ್ಚಮ್ಮ ಅದನ್ನು ಗಮನಿಸಿಯೂ ಬಾಯಿಬಿಡಲಿಲ್ಲ. ಬದಲಿಗೆ, ಆಸ್ಪತ್ರೆಯವರು ಕೊಟ್ಟ ಮುದ್ದೆಗಟ್ಟಿದ, ಬಣ್ಣಗೆಟ್ಟ, ಏನೆಂದು ಹೇಳಲಾಗದ ಪದಾರ್ಥವನ್ನು ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು.

“ಇದನ್ನ ಮಾಡಿದೋರು ಯಾರು, ಕರೀರಿ. ಅಡುಗೆ ಬಲ್ಲೋರು.”

ಸೊಸೆ ಮೂಸಿ ನೋಡಿದಳು. “ನಿಮ್ಮ ಕೈರುಚಿನೇ, ಅತ್ತೆ. ಪಕ್ಕದ ಹಾಸಿಗೆಯೋರು ಮುಟ್ಟಿಲ್ಲ, ನೋಡಿ.”

“ಅವರು ರೋಗಿಗಳು, ಅವರಿಗೇನು ಗೊತ್ತು.”

ಇಬ್ಬರೂ ನಕ್ಕದ್ದನ್ನು ಕೇಳಿ ನರ್ಸ್ ಬಂದು ಗದರಿಸಬೇಕಾಯಿತು.

ಮನೆಗೆ ಬಂದ ಮೇಲೆ ದಿನವೂ ಸೊಸೆಯ ಹೆಗಲು ಹಿಡಿದು ನಡಿಗೆ. ಸೀಮೆಎಣ್ಣೆ ಸ್ಟೌ ಹಚ್ಚುವುದೂ ಸೊಸೆಯೇ. ಟಾರ್ಚಮ್ಮ ಹಾಸಿಗೆಯಿಂದಲೇ ಅಪ್ಪಣೆ ಕೊಡುತ್ತಿದ್ದಳು. ಸರ್ಕಾರಕ್ಕೆ ಮಾತು ಕೊಟ್ಟಾಗಿದೆ, ಒಲೆ ತಣ್ಣಗಾಗಕೂಡದು ಎಂಬುದು ಆಕೆಯ ವಾದ. ಬೆಕ್ಕು ಮುನಿಸಿಕೊಂಡು ಗಡಿಯಾರದವನ ಅಂಗಡಿಗೆ ಹಿಂದಿರುಗಿತು.

ಒಂದು ದಿನ ಟಾರ್ಚಮ್ಮ ತಾನೇ ಎದ್ದು, ಯಾರನ್ನೂ ಹಿಡಿದುಕೊಳ್ಳದೆ ಸ್ಟೌ ಮುಂದೆ ನಿಂತಳು. ಪಂಪು ಹೊಡೆದು ಹಚ್ಚಿ, ಪಾತ್ರೆಗೆ ಬೀನ್ಸು, ಆಲೂಗಡ್ಡೆ, ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಿ, ಮುಚ್ಚಳ ಮುಚ್ಚಿದಳು. ಆಮೇಲೆ ಕೈಗಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಸೊಸೆ ಹಿಂದೆಯೇ ಬಂದಳು. “ನನ್ನ ಮುಂದೆ ನಡಿ,” ಎಂದಳು ಅತ್ತೆ, “ಬೀಳೋ ಹಾಗಾದ್ರೆ ನಿನ್ನ ಮೇಲಾದ್ರೂ ಬೀಳ್ತೀನಿ.”

ಬೆಂಚು ತಲುಪಿ ಕೂತಳು. ಸೊಸೆ ಮೇಲೆ ಹೋದಳು. ಸಂಜೆಯ ಜನ ಬಂದರು, ಹೋದರು. 

“ಔಷಧಿ ಅಂಗಡಿಯವನೇ, ಕೂದಲು ಉದುರ್ತಿದೆಯಲ್ಲೋ. ಬಾ, ಕೂತ್ಕೋ.”

ಅವನು ಕೂತ. ಆಕೆ ಹಳೆಯ ಸಿನಿಮಾವೊಂದರ ಕಥೆ ಶುರುಮಾಡಿದಳು. ಅದರಲ್ಲಿ ಒಬ್ಬ ಅತ್ತೆ, ಒಬ್ಬಳು ಸೊಸೆ. ಕಥೆ ಬಿಸಿಯೇರುವ ಹೊತ್ತಿಗೆ ಮೇಲಿನ ಕಿಟಕಿ ತೆರೆಯಿತು.

“ಅತ್ತೇ! ಬೆಂದು ಎಷ್ಟೋ ಹೊತ್ತಾಯ್ತು. ಇಳಿಸ್ಲಾ?”

“ಮುಟ್ಟಿದ್ರೆ ನೋಡು!” ಎಂದು ಟಾರ್ಚಮ್ಮ ಬೀದಿಗೆಲ್ಲ ಕೇಳುವಂತೆ ಕೂಗಿದಳು. “ಇಲ್ಲಿನ್ನೂ ಇಂಟರ್ವಲ್ಲೇ ಆಗಿಲ್ಲ!”